ವಿಜ್ಞಾನಿಯೂ ಕಾರ್ಖಾನೆಗೆ ಬರಲಿ

ಸರ್ಕಾರಿ ಪ್ರಯೋಗಾಲಯಗಳಲ್ಲಿ ಹುಟ್ಟಿದ ಎಷ್ಟೋ ತಂತ್ರಜ್ಞಾನಗಳು, ಅವನ್ನು ಕಂಪನಿಗೆ ಕೊಡುವ ಒಪ್ಪಂದಕ್ಕೆ ಸಹಿ ಬಿದ್ದ ಮೇಲೂ, ಕಾರ್ಖಾನೆಯಲ್ಲಿ ನೆಲೆಯೂರುವುದಿಲ್ಲ. ಕಾಗದಪತ್ರ ಕೈಗಿತ್ತರೆ ಕೆಲಸ ಮುಗಿಯಿತು ಅಂದುಕೊಳ್ಳುವುದು ಇದಕ್ಕೆ ದೊಡ್ಡ ಕಾರಣ.

ಒಂದು ಲೀಟರ್ ಗಾಜಿನ ಫ್ಲಾಸ್ಕಿನಲ್ಲಿ ಚೆನ್ನಾಗಿ ಬಂದದ್ದು ಸಾವಿರಾರು ಲೀಟರ್ ಟ್ಯಾಂಕಿನಲ್ಲೂ ಹಾಗೇ ಬರುತ್ತದೆ ಅಂತೇನಿಲ್ಲ. ಬಿಸಿ ಬೇಗ ಆರುವುದಿಲ್ಲ. ನೊರೆ ಉಕ್ಕುತ್ತದೆ. ತಳದವರೆಗೆ ಗಾಳಿ ಸೇರುವುದಿಲ್ಲ. ಇದನ್ನು ಸರಿಮಾಡುವ ಹದ ಯಾವ ವರದಿಯಲ್ಲೂ ಪೂರ್ತಿ ಬರೆದಿರುವುದಿಲ್ಲ. ಅದು ಕೆಲಸ ಮಾಡಿದವರ ಕೈಯಲ್ಲೇ ಇರುತ್ತದೆ, ಅಲ್ವಾ?

ಬೂಷ್ಟಿನಿಂದ ತೆಗೆಯುವ ಔಷಧ ಪೆನಿಸಿಲಿನ್‌ನ ಕತೆ ನೋಡಿ. 1941ರಲ್ಲಿ ಆಕ್ಸ್‌ಫರ್ಡ್‌ನ ವಿಜ್ಞಾನಿ ನಾರ್ಮನ್ ಹೀಟ್ಲಿ ಅಮೆರಿಕದ ಪಿಯೋರಿಯಾದ ಸರ್ಕಾರಿ ಕೃಷಿ ಪ್ರಯೋಗಾಲಯಕ್ಕೆ ಹೋಗಿ ಅಲ್ಲಿನವರ ಜೊತೆ ದುಡಿದರು. ಮೆಕ್ಕೆಜೋಳದಿಂದ ಪಿಷ್ಟ ತೆಗೆಯುವಾಗ ಉಳಿಯುವ ದ್ರವವನ್ನು ಬೂಷ್ಟು ಬೆಳೆಸುವ ದ್ರಾವಣಕ್ಕೆ ಬೆರೆಸಿದರೆ ಪೆನಿಸಿಲಿನ್ ಇಳುವರಿ ಎಷ್ಟೋ ಪಟ್ಟು ಜಾಸ್ತಿ ಆಗುತ್ತದೆ ಎಂದು ಗೊತ್ತಾಗಿದ್ದು ಅಲ್ಲೇ. ಆಮೇಲೆ ಹೀಟ್ಲಿ ಕೆಲವು ತಿಂಗಳು ಮರ್ಕ್ ಎಂಬ ಔಷಧ ಕಂಪನಿಯಲ್ಲೇ ಇದ್ದು ಕೆಲಸ ಮಾಡಿದರು. 1944ರ ಜೂನ್‌ನಲ್ಲಿ, ಎರಡನೇ ಮಹಾಯುದ್ಧದಲ್ಲಿ, ಫ್ರಾನ್ಸಿನ ನಾರ್ಮಂಡಿಯಲ್ಲಿ ಗಾಯಗೊಂಡ ಸೈನಿಕರಿಗೆ ಈ ಔಷಧ ಸಿಕ್ಕಿತು. ಬರೀ ಮೂರು ವರ್ಷ!

ತಂತ್ರಜ್ಞಾನದ ಜೊತೆಗೆ ಅದನ್ನು ರೂಪಿಸಿದ ವಿಜ್ಞಾನಿಯೊಬ್ಬರು ಕನಿಷ್ಠ ಆರು ತಿಂಗಳು ಕಾರ್ಖಾನೆಯಲ್ಲಿ ಇರಬೇಕು ಎಂಬ ಷರತ್ತನ್ನು ಪ್ರತಿ ಒಪ್ಪಂದದಲ್ಲೂ ಸೇರಿಸಲಿ. ಬಡ್ತಿ ಕೊಡುವಾಗ ಆ ಆರು ತಿಂಗಳಿಗೆ ಸಂಶೋಧನಾ ಪ್ರಬಂಧಕ್ಕೆ ಕೊಡುವಷ್ಟೇ ಬೆಲೆ ಕೊಡಲಿ. ಈಗ ಹಾಗಿಲ್ಲದ ಕಡೆ, ಯಾರು ತಾನೇ ಪ್ರಯೋಗಾಲಯ ಬಿಟ್ಟು ಹೊರಡುತ್ತಾರೆ?