ಗಂಡಿಕೋಟೆಯ ಕುರಿಗಾಹಿ ಅಣ್ಣನಿಗೆ

ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಉತ್ತರ ಪಿನಾಕಿನಿ, ಕಡಪ ಜಿಲ್ಲೆಯ ಗಂಡಿಕೋಟೆಯಲ್ಲಿ ಎರ್ರಮಲ ಬೆಟ್ಟವನ್ನೇ ಸೀಳಿಕೊಂಡು ಹರಿಯುತ್ತದೆ. ಆ ಕಮರಿಯ ಮೇಲೆ ಬೀಳುವ ಮೊದಲ ಬಿಸಿಲನ್ನು ಹಿಡಿಯಬೇಕೆಂದು ಕತ್ತಲಲ್ಲೇ ಕೋಟೆ ದಾಟಿ ಬಂಡೆಗಳ ಮೇಲೆ ಹೊರಟೆ. ಅಂಚು ನಾಲ್ಕೇ ಮಾರು ದೂರ ಇರುವಾಗ ಎರಡು ಬಂಡೆಗಳ ಸಂದಿಗೆ ಪಾದ ಸಿಕ್ಕಿಕೊಂಡಿತು. ಟಾರ್ಚ್ ಉರುಳಿಹೋಯಿತು. ಎಳೆದಷ್ಟೂ ಬಿಗಿ. ಬೆವರಿ ನಡುಗುತ್ತಿದ್ದೆ.

"ಕದಲೊದ್ದು" ಎಂದಿರಿ ನೀವು, ಹಿಂದಿನಿಂದ. ಅಲ್ಲಾಡಬೇಡ ಎಂಬಷ್ಟು ತೆಲುಗು ನನಗೂ ಗೊತ್ತು. ಕೋಲು ಕೆಳಗಿಟ್ಟು, ತಡಕಾಡಿ ನನ್ನ ಶೂ ಲೇಸು ಬಿಚ್ಚಿದಿರಿ. ಹಿಮ್ಮಡಿ ಹಿಡಿದು ಪಾದವನ್ನು ಮೆಲ್ಲಗೆ ಹೊರತೆಗೆದು, ಆಮೇಲೆ ಶೂ ಎತ್ತಿಕೊಟ್ಟಿರಿ. ಹೆಗಲ ಟವೆಲ್ಲನ್ನು ನೀರಲ್ಲಿ ಅದ್ದಿ ಕಾಲಿಗೆ ಸುತ್ತಿದಿರಿ. ಆಗಲೇ ನನಗೆ ಉಸಿರು ಬಂದದ್ದು.

ಅಷ್ಟರಲ್ಲಿ ಕೆಂಪು ಬಂಡೆಗಳಿಗೆ ಬಿಸಿಲು ತಾಗಿತು. ನಾನು ಕ್ಯಾಮೆರಾ ನೋಡಿದ್ದನ್ನು ಗಮನಿಸಿ ನೀವೇ ಟ್ರೈಪಾಡ್ ನಿಲ್ಲಿಸಿ, ನನಗೂ ಅಂಚಿಗೂ ನಡುವೆ ಕೂತಿರಿ. ಮುಗಿಯುವವರೆಗೂ ಏಳಲಿಲ್ಲ. ದುಡ್ಡು ಮುಟ್ಟಲಿಲ್ಲ.

ಅಣ್ಣ, ಹೆಸರು ಕೇಳುವುದನ್ನೇ ಮರೆತೆ. ಟವೆಲ್ಲು ನನ್ನ ಹತ್ತಿರವೇ ಇದೆ. ಚಿತ್ರದ ಎಡಮೂಲೆಯಲ್ಲಿ ನಿಮ್ಮ ಕೋಲಿನ ತುದಿ ಬಂದಿದೆ, ಕತ್ತರಿಸಿಲ್ಲ.