ಲಂಗದ ಪದರಗಳನ್ನು ಎಣಿಸಿದ ಅಕ್ಕನಿಗೆ

ಬ್ಯಾಲೆ ನೃತ್ಯವು ಜನರ ದಿನನಿತ್ಯದ ದಿರಿಸನ್ನು ಹೇಗೆ ಬದಲಿಸಿತು ಎಂಬುದನ್ನು ತೋರಿಸಲು ನಾನು ಉಡುಪಿಯಲ್ಲಿ ಏರ್ಪಡಿಸಿದ್ದ ಹನ್ನೆರಡು ದಿರಿಸುಗಳ ಪ್ರದರ್ಶನವು ಕಳೆದ ಭಾನುವಾರ ಮುಗಿಯಿತು. ಜಾಗ ಕೊಟ್ಟವರಿಗೆ, ದೀಪ ಜೋಡಿಸಿದ ಹುಡುಗರಿಗೆ, ಮಂಗಳೂರಿನಿಂದ ಮಳೆಯಲ್ಲೇ ಬಸ್ಸು ಹತ್ತಿ ಬಂದ ನನ್ನ ಹಳೆಯ ಶಿಷ್ಯೆಯರಿಗೆ ಮನಸಾರೆ ವಂದನೆಗಳು. ಶಿವರಾಮ ಕಾರಂತರು ಯಕ್ಷಗಾನ ಬ್ಯಾಲೆಯನ್ನು ಕಟ್ಟಿ ಬೆಳೆಸಿದ ಈ ಸೀಮೆಯಲ್ಲಿ ‘ಬ್ಯಾಲೆ’ ಎಂಬ ಪದವನ್ನು ನಾನು ಯಾರಿಗೂ ವಿವರಿಸಬೇಕಾಗಲಿಲ್ಲ.

ನನ್ನ ಮೊಣಕಾಲಿನ ಸಂಗತಿ ನಿಮಗೆಲ್ಲ ತಿಳಿದೇ ಇದೆ. ತಿಳಿಯದಿರುವುದು, ಇನ್ನು ಕುಣಿಯಲಾಗದು ಎಂದು ಖಚಿತವಾದ ಆಟಿ ತಿಂಗಳ ಆ ರಾತ್ರಿಯ ವಿಷಯ. ಮಳೆಗೆ ಕರೆಂಟು ಹೋಗಿತ್ತು. ನಾನು ಕಪಾಟಿನಿಂದ ನನ್ನ ಬಿಳಿಯ ನೃತ್ಯದ ಲಂಗವನ್ನು ಹೊರತೆಗೆದು, ಕೈಯಲ್ಲಿ ಕತ್ತರಿ ಹಿಡಿದು ಕುಳಿತಿದ್ದೆ. ಅಮ್ಮ ಹೆದರಿ, ನಮ್ಮ ಓಣಿಯಲ್ಲಿ ರವಿಕೆ ಹೊಲಿಯುವ ಅಕ್ಕನನ್ನು ಕರೆದುಕೊಂಡು ಬಂದರು. ಅಕ್ಕ ಸಮಾಧಾನದ ಒಂದು ಮಾತನ್ನೂ ಆಡಲಿಲ್ಲ. ಕತ್ತರಿಯನ್ನು ಮೆಲ್ಲನೆ ತೆಗೆದುಕೊಂಡು, ಲಂಗವನ್ನು ಒಳಮಗ್ಗುಲಿಗೆ ಮಗುಚಿ, ಟಾರ್ಚಿನ ಬೆಳಕಿನಲ್ಲಿ ಅದರ ಪದರಗಳನ್ನು ಎಣಿಸತೊಡಗಿದರು. “ಇಷ್ಟು ನೆಟ್ ಬಟ್ಟೆ ಇದ್ದೂ ಸೊಂಟದಲ್ಲಿ ದಪ್ಪ ಆಗಲಿಲ್ಲವಲ್ಲ ಮಾರಾಯ್ತಿ, ಹೇಗೆ ಕೂರಿಸಿದ್ದಾರೆ?” ಎಂದು ಕೇಳಿದರು.

ನೆರಿಗೆಗಳನ್ನು ಸೊಂಟಕ್ಕೆ ಸೇರಿಸದೆ, ಅದರ ಕೆಳಗೆ ಮೈಯನ್ನು ಅಪ್ಪಿ ಕೂರುವ ಪಟ್ಟಿಗೆ ಹೊಲಿಯುತ್ತಾರೆ ಎಂದು ಉತ್ತರಿಸಲು ಹೊರಟವಳು ಬೆಳಗಾಗುವವರೆಗೂ ಮಾತನಾಡಿದೆ. 1832ರಲ್ಲಿ ಪ್ಯಾರಿಸ್ಸಿನಲ್ಲಿ ನರ್ತಕಿ ಮಾರೀ ಟಾಲಿಯೋನಿ ‘ಲಾ ಸಿಲ್ಫಿಡ್’ ಬ್ಯಾಲೆಗೆ ಧರಿಸಿದ ತೆಳುವಾದ ಬಿಳಿಯ ಲಂಗ, ಬೆರಳ ತುದಿಯ ಮೇಲೆ ನಿಂತ ಆಕೆಯ ಪಾದ ಕಾಣಲೆಂದು ಅದು ಹರಡಿನಿಂದ ಮೇಲಕ್ಕೆ ಸರಿದದ್ದು, 1910ರ ‘ಶೆಹರಜಾದೆ’ ಬ್ಯಾಲೆಗೆ ದಿರಿಸಿನ ವಿನ್ಯಾಸಕಾರ ಲಿಯೋನ್ ಬಾಕ್ಸ್ಟ್ ಬಳಸಿದ ಉಜ್ವಲ ಬಣ್ಣಗಳು ರಂಗದಿಂದಿಳಿದು ಪ್ಯಾರಿಸ್ಸಿನ ಹೆಂಗಸರ ಉಡುಗೆಗೆ ಬಂದದ್ದು, ಎಲ್ಲವನ್ನೂ ಹೇಳಿದೆ. ಅಕ್ಕನ ಮನಸ್ಸಿಗೆ ಹೆಚ್ಚು ತಟ್ಟಿದ್ದು ರೋಸ್ ರೆಪೆಟ್ಟೊ ಅವರ ಕಥೆ: ನರ್ತಕನಾಗಿದ್ದ ಮಗ ರೋಲಾಂ ಪೆಟಿಯ ಪಾದದ ನೋವಿಗೆಂದು ಆ ತಾಯಿ 1947ರಲ್ಲಿ ನೃತ್ಯದ ಪಾದರಕ್ಷೆ ಹೊಲಿಯತೊಡಗಿದರು; 1956ರಲ್ಲಿ, ತಾನೂ ಬ್ಯಾಲೆ ಕಲಿತಿದ್ದ ನಟಿ ಬ್ರಿಜಿಟ್ ಬಾರ್ಡೊಗಾಗಿ ಅವರು ಮಾಡಿಕೊಟ್ಟ ಚಪ್ಪಟೆ ಪಾದರಕ್ಷೆಯೇ ಬೀದಿಗೂ ಇಳಿಯಿತು. ಇಂದು ನಮ್ಮ ಕಾಲೇಜು ಹುಡುಗಿಯರು ಮೆಟ್ಟುವ ‘ಬೆಲ್ಲಿ’ಗಳು ಅದೇ ಕುಲದವು.

ನಡುವೆ ಒಮ್ಮೆ ನನ್ನ ಮಾತು ನಿಂತುಹೋಯಿತು. ಈ ಕಾಲುಗಳು ಇನ್ನು ಯಾವುದಕ್ಕೂ ಬಾರವು ಎಂದು ಕೂಗಿ ಅತ್ತೆ. ಅಕ್ಕ ನನ್ನ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು, ನಾನು ಅತ್ತು ಮುಗಿಯುವವರೆಗೆ ಕಾದು, “ಆ ಪಟ್ಟಿಯ ಅಗಲ ಎಷ್ಟು?” ಎಂದು ಕೇಳಿದರು. ನಾನು ಬೆರಳಿನಿಂದ ಅಳೆದು ಹೇಳಿದೆ.

ಮರುದಿನ ಅವರು ಹಳೆಯ ಪತ್ರಿಕೆಯ ಹಾಳೆಯಲ್ಲಿ ಆ ಪಟ್ಟಿಯ ನಮೂನೆಯನ್ನು ಕತ್ತರಿಸಿ ತಂದಿದ್ದರು. ಪ್ರದರ್ಶನದ ಹನ್ನೆರಡರಲ್ಲಿ ಒಂಬತ್ತು ದಿರಿಸುಗಳನ್ನು ಅವರೇ ಹೊಲಿದರು. ಅವುಗಳಲ್ಲಿ ಒಂದು, ಉಡುಪಿ ಸೀರೆಯ ಹತ್ತಿ ಬಟ್ಟೆಯಲ್ಲಿ ಹೊಲಿದ ಗಂಟೆಯಾಕಾರದ ಲಂಗ. ಅದರ ಮುಂದೆ ಜನ ಹೆಚ್ಚು ಹೊತ್ತು ನಿಲ್ಲುತ್ತಿದ್ದುದನ್ನು ನೀವೂ ಕಂಡಿದ್ದೀರಿ.

ಅಕ್ಕಾ, ನನ್ನ ಕತ್ತರಿ ಇನ್ನೂ ನಿಮ್ಮ ಮನೆಯಲ್ಲಿದೆ. ಅದು ನಿಮ್ಮಲ್ಲೇ ಇರಲಿ.