ಮಧ್ಯಾಹ್ನದ ಮಾತ್ರೆಯ ಬಗ್ಗೆ

ಪೋಷಕರಿಗೆ ನಮಸ್ಕಾರ.

ಡಾಕ್ಟರ ಚೀಟಿ ಇಲ್ಲದೆ ಶಾಲೆಯಲ್ಲಿ ಆಂಟಿಬಯೋಟಿಕ್ ಕೊಡುವುದಿಲ್ಲ ಎಂದದ್ದಕ್ಕೆ, "ಒಂದು ಮಾತ್ರೆ ಕೊಡೋಕೂ ಟೀಚರ್‌ಗೆ ಪುರುಸೊತ್ತಿಲ್ವಾ?" ಎಂದು ಈ ವಾರ ಹಲವರು ಕೇಳಿದ್ದೀರಿ. ಪುರುಸೊತ್ತಿದೆ. ಧೈರ್ಯ ಇಲ್ಲ.

ಹೋದ ತಿಂಗಳು ಏಳನೇ ತರಗತಿಯ ಹುಡುಗನೊಬ್ಬ ಬ್ಯಾಗಿನಲ್ಲಿದ್ದ ಅಮಾಕ್ಸಿಸಿಲಿನ್ (ಪೆನ್ಸಿಲಿನ್ ಗುಂಪಿನ ಆಂಟಿಬಯೋಟಿಕ್) ಮಾತ್ರೆಯನ್ನು ಊಟವಾದ ಮೇಲೆ ನುಂಗಿದ. ಕಾಲು ಗಂಟೆಯೊಳಗೆ ಮೈಯೆಲ್ಲ ದದ್ದು ಎದ್ದಿತು, ತುಟಿ ಊದಿತು, ಉಸಿರಿನಲ್ಲಿ ಸೀಟಿಯಂಥ ಸದ್ದು. ಔಷಧಿಯ ತೀವ್ರ ಅಲರ್ಜಿ ಎಂದು ಆಸ್ಪತ್ರೆಯಲ್ಲಿ ತೊಡೆಗೆ ಅಡ್ರಿನಾಲಿನ್ ಇಂಜೆಕ್ಷನ್ ಕೊಟ್ಟರು. ಈಗ ಹುಷಾರಾಗಿದ್ದಾನೆ. ಶಾಲೆ ತಡ ಮಾಡಿತು ಎಂಬ ಮಾತು ಓಡಾಡುತ್ತಿದೆ. ತಡ ಮಾಡಲಿಲ್ಲ, ತಕ್ಷಣ ಆಂಬುಲೆನ್ಸ್ ಕರೆಸಿದೆವು. ಆದರೆ ಅವನನ್ನು ಆಫೀಸಿನವರೆಗೆ ನಡೆಸಿಕೊಂಡು ಬಂದದ್ದು ನಮ್ಮ ತಪ್ಪು. ಅಂಥ ಹೊತ್ತಿನಲ್ಲಿ ನಡೆಸಲೇಬಾರದು. ಮಲಗಿಸಿ ಕಾಲು ಎತ್ತರಕ್ಕಿಡಬೇಕು, ಉಸಿರು ಕಟ್ಟಿದಂತಾದರೆ ಕೂರಿಸಬೇಕು. ಅಲರ್ಜಿ ಮಾತ್ರೆ ಕೊಟ್ಟು ಕಾಯುವುದೂ ಸರಿಯಲ್ಲ. ಅದು ತುರಿಕೆ ಇಳಿಸೀತು, ಉಸಿರಾಟ ಸರಿ ಮಾಡುವುದಿಲ್ಲ. ಇದನ್ನೆಲ್ಲ ಈಗ ಎಲ್ಲ ಟೀಚರ್‌ಗಳಿಗೂ ಹೇಳಿಕೊಟ್ಟಿದ್ದೇವೆ.

ಹಾಗಾಗಿ ಡಾಕ್ಟರ ಚೀಟಿ ಇಲ್ಲದೆ ಶಾಲೆಯಲ್ಲಿ ಆಂಟಿಬಯೋಟಿಕ್ ಕೊಡುವುದಿಲ್ಲ. ಹೊಸ ಔಷಧಿಯ ಮೊದಲ ಡೋಸ್ ಅಂತೂ, ಚೀಟಿ ಇದ್ದರೂ, ಮನೆಯಲ್ಲೇ ಆಗಲಿ.

"ಹೋದ ಸಲ ಇದೇ ಮಾತ್ರೆ ಕೊಟ್ಟಿದ್ದೆವು, ಏನೂ ಆಗಿರಲಿಲ್ಲ" ಎನ್ನುತ್ತೀರಿ. ಆ ಹುಡುಗನ ತಾಯಿಯೂ ಹಾಗೇ ಅಂದರು, ಅದು ನಿಜವೂ ಹೌದು. ಅಲರ್ಜಿಯ ದಾರಿಯೇ ಅದು. ಮೈ ಒಂದು ಸಲ ಔಷಧಿಯ ಗುರುತು ಹಿಡಿದಿಟ್ಟುಕೊಳ್ಳುತ್ತದೆ, ಇನ್ನೊಂದು ಸಲ ತಿರುಗಿ ಬೀಳುತ್ತದೆ. ಹಿಂದೆ ಒಗ್ಗಿದೆ ಎಂದರೆ ಮುಂದೆಯೂ ಒಗ್ಗುತ್ತದೆ ಎಂದಲ್ಲ. ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ, ಹೆಚ್ಚಿನ ಮಕ್ಕಳಿಗೆ ಏನೂ ಆಗುವುದಿಲ್ಲ. ಆದರೂ ಮತ್ತೆ ಹೇಳುತ್ತೇನೆ, ಚೀಟಿ ಬೇಕು. ಕೆಲಸಕ್ಕೆ ಹೋಗುವವರಿಗೆ ಇದು ಕಷ್ಟ, ಗೊತ್ತು. ದಿನಕ್ಕೆ 3 ಸಲದ ಔಷಧಿಯನ್ನು ಬೆಳಿಗ್ಗೆ, ಶಾಲೆ ಬಿಟ್ಟ ಮೇಲೆ, ಮಲಗುವಾಗ ಕೊಡಬಹುದೇ ಎಂದು ಡಾಕ್ಟರನ್ನೇ ಕೇಳಿ ನೋಡಿ.

ಹಾಗಂತ ಎಲ್ಲವನ್ನೂ ಅಲರ್ಜಿ ಎಂದು ಬರೆಸಬೇಡಿ. ಬರೀ ಭೇದಿಯಾಯಿತು, ಹೊಟ್ಟೆ ತೊಳಸಿತು ಅಂದರೆ ಅದು ಸಾಮಾನ್ಯವಾಗಿ ಅಡ್ಡಪರಿಣಾಮ. ಪೆನ್ಸಿಲಿನ್ ಅಲರ್ಜಿ ಇದೆ ಎನ್ನುವವರನ್ನು ಪರೀಕ್ಷಿಸಿದರೆ 10ರಲ್ಲಿ ಸುಮಾರು 9 ಮಂದಿಗೆ ಇರುವುದೇ ಇಲ್ಲ. ಸುಮ್ನೆ ಹಚ್ಚಿದ ಹಣೆಪಟ್ಟಿಯಿಂದ ಒಳ್ಳೆಯ ಔಷಧಿಯೊಂದು ಮಗುವಿನ ಕೈತಪ್ಪುತ್ತದೆ. ದದ್ದು ಕೆಲವು ದಿನ ಬಿಟ್ಟು ಏಳುವುದೂ ಉಂಟು, ಆಗ ಡಾಕ್ಟರಿಗೆ ತೋರಿಸಿ. ಜ್ವರದ ಜೊತೆ ಬಾಯಲ್ಲಿ ಹುಣ್ಣು, ಕಣ್ಣು ಕೆಂಪು, ಚರ್ಮದಲ್ಲಿ ಗುಳ್ಳೆ ಕಂಡರಂತೂ ಆ ದಿನವೇ ಆಸ್ಪತ್ರೆಗೆ ಓಡಿ.

ನಿಮ್ಮ ಮಗುವಿಗೆ ಯಾವ ಔಷಧಿ ಒಗ್ಗಿರಲಿಲ್ಲ, ಆಗ ಏನಾಗಿತ್ತು ಎಂಬುದನ್ನು ಡೈರಿಯಲ್ಲಿ ಬರೆದು ಸೋಮವಾರದೊಳಗೆ ಕಳಿಸಿ.

ಇಂತಿ,
ಮುಖ್ಯ ಶಿಕ್ಷಕಿ